ಹಗ್ಗ ಎಲ್ಲಿ ಹರಿಯಿತು

ಪಾರ್ಕಿನ ದೊಡ್ಡ ಗೇಟು ತೆರೆಯುವ ಸದ್ದಿಗೆ ಲೀಲಾವತಿಗೆ ಎಚ್ಚರವಾಯಿತು. ತುಕ್ಕು ಹಿಡಿದ ಕಬ್ಬಿಣ ಕಲ್ಲಿನ ಮೇಲೆ ಕಿರುಗುಟ್ಟಿಕೊಂಡು ಹೋಗುವ ಸದ್ದು. ಮದುವೆಯಾಗಿ ಈ ಕ್ವಾರ್ಟರ್ಸಿಗೆ ಬಂದಂದಿನಿಂದ ಅವಳಿಗೆ ಅದೇ ಕೋಳಿಯ ಕೂಗು. ಎದ್ದಳು. ಹಲ್ಲುಜ್ಜಿದಳು. ಹಾಸಿಗೆ ಸುತ್ತಿಟ್ಟಳು. ಸೀಮೆಎಣ್ಣೆ ಸ್ಟವ್‌ಗೆ ಪಂಪು ಹೊಡೆದು ನೀರಿಟ್ಟಳು. ಕೈಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದವು. ಅವಕ್ಕೆ ಯಾರೂ ಸುದ್ದಿ ಮುಟ್ಟಿಸಿಲ್ಲವೇನೋ ಎಂಬಂತೆ.

ಊರಿನಲ್ಲಿ ಗಂಡನ ಮಣ್ಣಾಯಿತು, ಹಾಲುತುಪ್ಪವಾಯಿತು, ತಿಥಿಯೂ ಆಯಿತು. ನೆಂಟರು ಉಂಡು ಕೈ ತೊಳೆದು ಬಸ್ಸು ಹತ್ತಿದರು. ತಿಂಗಳ ಕೊನೆಯೊಳಗೆ ಕ್ವಾರ್ಟರ್ಸ್ ಬಿಟ್ಟುಕೊಡಬೇಕೆಂದು ಇಲಾಖೆಯಿಂದ ಹೇಳಿಕಳಿಸಿದ್ದರು. ಸಾಮಾನು ಕಟ್ಟಿಕೊಂಡು ಬರುತ್ತೇನೆಂದು ಅವಳು ಒಬ್ಬಳೇ ಬೆಂಗಳೂರಿಗೆ ಹೊರಟಾಗ ಅತ್ತೆ ಹೊಂಬಾಳಮ್ಮ ಬೇಡವೆನ್ನಲಿಲ್ಲ, ಹೋಗಿ ಬಾ ಎಂದೂ ಅನ್ನಲಿಲ್ಲ. ಕಟ್ಟಿದ ಸಾಮಾನು ಇನ್ನು ಹೋಗಬೇಕಾದದ್ದು ಆ ಅತ್ತೆಯ ಮನೆಗೇ. ತುಮಕೂರಿನ ಅಣ್ಣನಿಗೆ ಇರುವುದು ಎರಡು ಕೋಣೆ. ಅವನು ‘ನಮ್ಮಲ್ಲಿಗೇ ಬಾ’ ಎಂದು ಬಾಯಿ ತುಂಬ ಹೇಳುತ್ತಿದ್ದಾಗ ಅತ್ತಿಗೆ ಒಳಗೆ ಪಾತ್ರೆಗಳ ಸದ್ದು ಮಾಡುತ್ತಿದ್ದಳು. ಸಸ್ಯಶಾಸ್ತ್ರದ ಎಂ.ಎಸ್ಸಿ. ಸರ್ಟಿಫಿಕೇಟೊಂದು ಟ್ರಂಕಿನ ತಳದಲ್ಲಿತ್ತು. ಅದಕ್ಕೆ ಸೂರೂ ಇಲ್ಲ, ಬಾಗಿಲೂ ಇಲ್ಲ.

ಹಿತ್ತಿಲ ಜಗುಲಿಯ ಬಾಗಿಲು ತೆರೆದಳು.

ಸೀರೆಗಳು ಅಲ್ಲೇ ಇದ್ದವು. ಗಂಡ ಸತ್ತ ದಿನ ಬೆಳಿಗ್ಗೆ ಒಗೆದು ಹರವಿದ ಎರಡು ಸೀರೆ. ಯಾರೂ ತೆಗೆದಿರಲಿಲ್ಲ. ನೀಲಿಯದರ ಮೇಲೆ ಕಾಗೆ ಹಿಕ್ಕೆ ಹಾಕಿತ್ತು. ಹಸಿರಿನದು ಬಿಸಿಲು ಬೀಳುವ ಮಗ್ಗುಲಲ್ಲಿ ಒಣಗಿದ ಎಲೆಯ ಬಣ್ಣಕ್ಕೆ ತಿರುಗಿತ್ತು. ಎರಡನ್ನೂ ಎಳೆದಳು. ಸೀರೆಗಳು ಬಂದಮೇಲೆ ಅವುಗಳ ಕೆಳಗಿನ ಹಗ್ಗ ಕಂಡಿತು. ಹೆಬ್ಬೆರಳ ಗಾತ್ರದ ನಾರಿನ ಹಗ್ಗ, ಕೈಯಾಡಿ ಕೈಯಾಡಿ ನುಣುಪಾಗಿ ಕಪ್ಪಿಟ್ಟದ್ದು.

ಅದು ದುರ್ಗಯ್ಯನ ಹಗ್ಗ.

ದುರ್ಗಯ್ಯನೆಂದರೆ ಅವಳ ಗಂಡ ತಮ್ಮಯ್ಯನ ಊರಾದ ಬಾವಿಪಾಳ್ಯದಲ್ಲಿ ತೆಂಗಿನ ಮರ ಹತ್ತಿ ಕಾಯಿ ಇಳಿಸುವವನು. ಹುಡುಗನಾಗಿದ್ದಾಗ ತಮ್ಮಯ್ಯನಿಗೆ ಮರ ಹತ್ತುವುದು ಕಲಿಸಿದವನು. ಹೋದ ಸಲ ಊರಿಗೆ ಹೋಗಿದ್ದಾಗ ತಮ್ಮಯ್ಯ ಈ ಹಗ್ಗವನ್ನು ಅವನಿಂದ ಕೇಳಿ ಇಸಕೊಂಡು ಬಂದಿದ್ದ. ಒಂದು ತುದಿಯನ್ನು ಮರಕ್ಕೂ ಸೊಂಟಕ್ಕೂ ಸುತ್ತಿ ಕಟ್ಟಿಕೊಳ್ಳುವುದು, ಇನ್ನೊಂದು ತುದಿಯಿಂದ ಗೊನೆ ಇಳಿಬಿಡುವುದು. ಹಾಗೆಂದೇ ಉದ್ದಕ್ಕೆ ಹೊಸೆದ ಹಗ್ಗ. ಪಾರ್ಕಿನ ಮರಗಳಿಗೆ ಬೇಕಾಗಿದೆ, ಮುಂದಿನ ಸಲ ಬರುವಾಗ ತಂದುಕೊಡುತ್ತೇನೆ ಎಂದಿದ್ದ.

ಆ ಹಗ್ಗ ಹರಿದೇ ತಮ್ಮಯ್ಯ ಬಿದ್ದು ಸತ್ತನೆಂದು ಊರಿಗೆ ಊರೇ ಹೇಳುತ್ತಿತ್ತು. ಹೆಣ ಇಳಿಸಿದ ಗಳಿಗೆಯಿಂದ ತಿಥಿಯ ಊಟದವರೆಗೆ ಆ ಮಾತು ಲೀಲಾವತಿಯ ಪಕ್ಕದಲ್ಲೇ ಓಡಾಡಿತ್ತು. ಗೋಡೆಯಾಚೆ ಯಾರೋ ಮಾತಾಡಿದಂತೆ ಅವಳು ಕೇಳಿಸಿಕೊಂಡಿದ್ದಳು. ಯಾವ ಹಗ್ಗ ಎಂದು ಯೋಚಿಸಿರಲಿಲ್ಲ.

ಹಗ್ಗ ಇಲ್ಲಿತ್ತು. ಎರಡು ಕಂಬಗಳ ನಡುವೆ, ಬಿಗಿಯಾಗಿ, ಅವಳೇ ಹಾಕಿದ ಗಂಟಿನಲ್ಲಿ.

ಕೆರೆಯ ದಂಡೆಯ ಈ ಪಾರ್ಕು ಹಿಂದೆ ಒಂದು ಹಳ್ಳಿಯ ತೋಟವಾಗಿತ್ತಂತೆ. ಬೆಂಗಳೂರು ಬೆಳೆಯುತ್ತ ಬಂದು ಹಳ್ಳಿಯನ್ನು ನುಂಗಿತು. ಮನೆಗಳು ಹೋದವು, ಗುಡಿ ಹೋಯಿತು, ನೀರಿನ ಅಂಚಿಗೆ ತೆಂಗಿನ ಸಾಲೊಂದು ಉಳಿಯಿತು. ಇಲಾಖೆಯವರು ಮರಗಳಿಗೆ ಬಿಳಿ ಬಣ್ಣದಲ್ಲಿ ನಂಬರು ಬರೆದರು, ಕೆಳಗೆ ಹುಲ್ಲು ಬೆಳೆಸಿದರು, ಬೆಂಚು ಹಾಕಿದರು, ಕೆರೆಗೆ ಬಾಡಿಗೆ ದೋಣಿ ಬಿಟ್ಟರು, ಸಂಜೆ ಬಂದವರು ವಾರ್ತೆ ಕೇಳಲಿ ಎಂದು ಕಂಬಕ್ಕೆ ರೇಡಿಯೋ ಕಟ್ಟಿದರು. ಕಾಯಿ ಇಳಿಸಬೇಕೆಂಬುದು ಮಾತ್ರ ಯಾರಿಗೂ ನೆನಪಾಗಲಿಲ್ಲ. ಬಲಿತ ಕಾಯಿಗಳು ಹೊತ್ತು ಗೊತ್ತಿಲ್ಲದೆ ಧೊಪ್ಪೆಂದು ಉದುರುತ್ತಿದ್ದವು. ಸೂಪರ್‌ವೈಜರ್ ಆಗಿ ಬಂದ ತಮ್ಮಯ್ಯನಿಗೆ ಅದೊಂದೇ ಕೊರಗು. ಕಾಯಿ ಉದುರುವವರೆಗೆ ಬಿಡುವುದೆಂದರೆ ಅವನ ಕಡೆಯವರಿಗೆ ಮನೆಯ ಬಾಗಿಲು ತೆರೆದಿಟ್ಟು ಮಲಗಿದ ಹಾಗೆ.

ಹಗ್ಗ ಬಂತು, ಹತ್ತುವ ಆಳು ಸಿಕ್ಕಲಿಲ್ಲ. ಹಗ್ಗ ಜಗುಲಿಯ ಮೂಲೆಯಲ್ಲಿ ಬಿದ್ದುಕೊಂಡಿತ್ತು. ಬಟ್ಟೆ ಹರವುವ ತಂತಿಯ ತುಕ್ಕು ಸೀರೆಗಳಿಗೆ ಕಲೆ ಮಾಡತೊಡಗಿದಾಗ ಲೀಲಾವತಿ ಅದನ್ನೇ ಎಳೆದು ಕಟ್ಟಿದಳು. ಸಂಜೆ ಬಂದ ತಮ್ಮಯ್ಯ ನೋಡಿ ನಗಾಡಿಬಿಟ್ಟ.

“ದುರ್ಗಯ್ಯ ನೋಡಿದ್ರೆ ಎದೆ ಬಡ್ಕೊಂಡು ಸಾಯ್ತಾನೆ ಕಣೇ.”

“ಯಾಕೆ?”

“ಹೆಂಗಸ್ರ ಸೀರೆ ಸೋಕಿದ ಹಗ್ಗದಾಗೆ ಮರ ಹತ್ತಂಗಿಲ್ಲ. ಹತ್ತುದ್ರೆ ಮರವೇ ಕೆಳಕ್ಕೆ ಹಾಕ್ತದಂತೆ. ಅವನ ಹೆಂಡ್ತಿ ಕೆಂಪಕ್ಕ ಅದನ್ನ ದಾಟಂಗೂ ಇಲ್ಲ. ದಾಟಿದ್ಲೋ, ಕುಯ್ದು ದನ ಕಟ್ಟಕ್ಕೆ ಇಟ್ಕೋತಾನೆ.”

“ಹಾಗಾದ್ರೆ ಬಿಚ್ಚಿಡ್ಲಾ?”

“ಇರ್ಲಿ ಬುಡು. ಅವನೇನು ಬೆಂಗ್ಳೂರಿಗೆ ಬಂದು ನೋಡ್ತಾನಾ?”

ಇಬ್ಬರೂ ನಕ್ಕಿದ್ದರು.

ಆಮೇಲೆ ಆ ಶನಿವಾರ ಬಂತು. ಹಿಂದಿನ ಸಂಜೆ ಬೆಂಚಿನ ಮೇಲೆ ಕೂತಿದ್ದ ಬಸುರಿ ಹೆಂಗಸೊಬ್ಬಳ ಪಕ್ಕಕ್ಕೇ ಕಾಯಿಯೊಂದು ಬಿದ್ದು ಅವಳು ಬವಳಿ ಬಂದು ಕುಸಿದಿದ್ದಳು. ಭಾನುವಾರ ಹೊಸ ಕಾರಂಜಿಯ ಉದ್ಘಾಟನೆ. ಸಾಹೇಬರ ಕುರ್ಚಿಗಳನ್ನು ಹಾಕಿದ್ದು ಬಾಗಿದ ಮರವೊಂದರ ಕೆಳಗೇ. ಬರುತ್ತೇನೆಂದಿದ್ದ ಆಳು ಬರಲಿಲ್ಲ. ತಮ್ಮಯ್ಯ ಪ್ಯಾಂಟು ಬಿಚ್ಚಿಟ್ಟು ಚಡ್ಡಿ ಹಾಕಿಕೊಂಡು, ಮಚ್ಚು ಹಿಡಿದು ಜಗುಲಿಗೆ ಬಂದ. ಆಗ ತಾನೆ ಹರವಿದ ಸೀರೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಹಗ್ಗದ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಂತ. ಅಡುಗೆಮನೆಯಿಂದ ಅವಳಿಗೆ ಕಂಡಿತು.

“ತೆಗೀಲೇನ್ರೀ?”

“ಬ್ಯಾಡ. ಒಂದೇ ಮರ. ಈಗ್ಬತ್ತೀನಿ.”

ಅಷ್ಟೇ. ಒದ್ದೆ ಸೀರೆ ತೆಗೆಸುವ ತೊಂದರೆ ಯಾಕೆ ಎಂದು ಬೇಡವೆಂದನೋ, ಸೀರೆ ಸೋಕಿದ ಹಗ್ಗವೇ ಬೇಡವೆಂದನೋ. ಇನ್ನು ಕೇಳುವುದಕ್ಕೆ ಅವನಿಲ್ಲ.

“ಅಮ್ಮೋರೇ.”

ಬೇಲಿಯಾಚೆ ಕೆಮ್ಮಿದವನು ಪಂಪ್‌ಹೌಸಿನ ಮಜೀದ್. ತಿಪಟೂರಿನವನು, ಅಪ್ಪನ ಕಾಲದಿಂದ ಮೋಟಾರು ರಿಪೇರಿ ಅವರ ಕಸುಬು. ಅವತ್ತು ಮರದ ಕೆಳಗಿದ್ದವನು ಅವನೊಬ್ಬನೇ. ಹೆಣದ ಜೊತೆ ವ್ಯಾನಿನಲ್ಲಿ ಊರಿಗೆ ಬಂದವನೂ ಅವನೇ. ಕೈಯಲ್ಲಿ ಹಾಲಿನ ತಂಬಿಗೆಯಿತ್ತು.

“ನಮ್ ಮನೆಯೋಳು ಖುರ್ಷಿದ್ ಕೊಟ್ಲು. ಕಾಫಿ ಮಾಡ್ಕೊಳ್ಳಿ ಅಂತ.” ಅವನ ಕಣ್ಣು ಬರಿದಾದ ಹಗ್ಗದ ಮೇಲೆ ಹೋಯಿತು. ಬೇಲಿ ದಾಟಿ ಬಂದು ತಂಬಿಗೆಯನ್ನು ಮೆಟ್ಟಿಲ ಮೇಲಿಟ್ಟ.

“ಮಜೀದಣ್ಣ, ಹಗ್ಗ ಹರೀತು ಅಂತ ಊರಲ್ಲಿ ಹೇಳಿದ್ದು ನೀವಲ್ವಾ?”

ಮಜೀದ್ ಮೆಟ್ಟಿಲ ಮೇಲೆ ಕುಕ್ಕರಿಸಿದ. “ಏನ್ ಮಾಡ್ಲಿ ಅಮ್ಮೋರೇ. ವ್ಯಾನಿಂದ ಇಳಿಸ್ತಿದ್ದಂಗೇ ಅವ್ರ ತಾಯಿ ಕೇಳಿದ್ರು, ಹಗ್ಗ ಕಟ್ಕೊಂಡಿದ್ನಾ ನನ್ ಮಗ ಅಂತ. ಅಳ್ತಾನೂ ಇರ್ಲಿಲ್ಲ ಆಯಮ್ಮ. ನನ್ ಮುಖಾನೇ ನೋಡ್ತಾ ಕೇಳಿದ್ರು. ಇಲ್ಲ, ಬರೀ ಮೈಲಿ ಹತ್ತುದ್ರು, ಒಣಗರಿ ಹಿಡಿದ್ರು, ಗರಿ ಕಿತ್ಕೊಂಡು ಬಂತು ಅಂತ ಹೇಳ್ಲಾ? ನಿಮ್ ಮಗ ಬುದ್ಧಿ ಇಲ್ದೋನ್ ತರ ಸತ್ತ ಅಂತ ಹೇಳ್ಲಾ? ಕಟ್ಕೊಂಡಿದ್ರು ತಾಯಿ, ಹರಿದೋಯ್ತು ಅಂದೆ. ಖುದಾ ಕಸಂ, ಅದು ಯಾರ ಹಗ್ಗ ಅಂತ ನಂಗೆ ಗೊತ್ತಿರ್ಲಿಲ್ಲ.”

“ದುರ್ಗಯ್ಯ ನಿಮ್ಮನ್ನ ಏನೋ ಕೇಳಿದ.”

“ಹೂಂ. ತೋಟದ ಬೇಲಿ ಆಚೆ ನಿಂತಿದ್ದ. ಎಲ್ಲಿ ಹರೀತು ಸಾಬ್ರೆ ಅಂದ. ಮಧ್ಯದಲ್ಲಿ ಅಂದೆ, ಬಾಯಿಗೆ ಬಂದಿದ್ದು. ‘ಮಧ್ಯ ಹರಿಯಾಕಿಲ್ಲ ಸಾಬ್ರೆ, ಅಲ್ಲಿ ಹೊಸ ನಾರು ಕೊಟ್ಟೀನಿ. ಗಂಟಿನತ್ರ ಇರ್ಬೇಕು, ಸರಿಯಾಗಿ ನೆಪ್ಪು ಮಾಡ್ಕಳಿ’ ಅಂದ. ನಾನೇನಂತ ನೆಪ್ಪು ಮಾಡ್ಕೊಳ್ಲಿ?”

ಲೀಲಾವತಿಗೆ ಈಗ ನೆನಪಾಯಿತು. ತೋಟದಲ್ಲಿ ಗುಂಡಿಯ ಪಕ್ಕ ನಿಂತಿದ್ದ ಅತ್ತೆ, ಮಗನ ಮೇಲೆ ಹಾಕಲು ತೆಗೆದುಕೊಂಡಿದ್ದ ಹಿಡಿ ಮಣ್ಣನ್ನು ಬೇಲಿಯ ಕಡೆಗೆ ಎಸೆದಿದ್ದಳು. ‘ಕೊಳೆತ ಹಗ್ಗ ಕೊಟ್ಟು ಕೊಂದಲ್ಲೋ’ ಎಂದು ಕೂಗಿದ್ದಳು. ಮಣ್ಣು ದುರ್ಗಯ್ಯನ ಮುಖಕ್ಕೆ ಬಡಿಯಿತು. ಅವನು ಒರೆಸಿಕೊಳ್ಳಲಿಲ್ಲ. ಮಜೀದನನ್ನೇ ನೋಡುತ್ತ ನಿಂತಿದ್ದ. ಅವತ್ತಿನಿಂದ ಊರಿನಲ್ಲಿ ಯಾರೂ ಅವನನ್ನು ಕಾಯಿ ಇಳಿಸಲು ಕರೆದಿಲ್ಲ. ಎಲ್ಲರ ತೋಟದಲ್ಲೂ ಕೊಯ್ಲಿನ ಕಾಲ. ಬೇರೆ ಊರಿನವರು ಬಂದು ಇಳಿಸುತ್ತಿದ್ದಾರೆ. ತಿಥಿಗೆ ಅಕ್ಕಿ ಆರಿಸುತ್ತ ಹೆಂಗಸರು ಆಡಿಕೊಂಡಿದ್ದರು. ದುರ್ಗಯ್ಯ ಮನೆಯ ಹಗ್ಗಗಳನ್ನೆಲ್ಲ ಎಳೆ ಎಳೆ ಬಿಚ್ಚಿ ನೋಡುತ್ತ ಕೂತಿರುತ್ತಾನಂತೆ, ಕೆಂಪಕ್ಕ ಕೂಲಿಗೆ ಹೋದ ದಿನ ಮಾತ್ರ ಒಲೆ ಉರಿಯುತ್ತದಂತೆ.

ಅವಳು ಕಂಬದ ಗಂಟು ಬಿಚ್ಚತೊಡಗಿದಳು.

“ಏನ್ ಮಾಡ್ತೀರಿ ಅಮ್ಮೋರೇ?”

“ಕೊಟ್ಟು ಬರ್ತೀನಿ.”

“ಬ್ಯಾಡ.” ಮಜೀದ್ ಎದ್ದುನಿಂತ. “ಹರೀದೇ ಇರೋ ಹಗ್ಗ ಕೊಟ್ರೆ, ಮತ್ಯಾಕೆ ಸತ್ತ ಅಂತ ಕೇಳ್ತಾರೆ. ನಾನು ಸುಳ್ಳ ಅಂತಾರೆ, ಅದು ಹಾಳಾಗೋಗ್ಲಿ. ಹಗ್ಗ ಮನೇಲಿ ಯಾಕಿತ್ತು ಅಂತ ಕೇಳ್ತಾರೆ. ಸೀರೆ ಒಣಗಾಕಿ ಗಂಡನ್ನ ಕಳ್ಕೊಂಡ್ಲು ಅಂತಾರೆ. ನೀವು ಇನ್ನು ಬಾಳ್ಬೇಕಾಗಿರೋದು ಆ ಅತ್ತೆ ಮನೇಲೇ. ಒಂದು ಕಲ್ಲು ಕಟ್ಟಿ ಕೆರೆಗೆ ಬಿಟ್ಬುಡಿ. ದೋಣಿ ನಾನ್ ತತ್ತೀನಿ.”

ಅವಳು ಹಗ್ಗ ಸುತ್ತಿ ತೋಳಿಗೆ ಹಾಕಿಕೊಂಡು ಕೆರೆಯ ಕಡೆಗೆ ಇಳಿದಳು. ಮಜೀದ್ ಹಿಂದೆಯೇ ಬಂದ. ವಾಕಿಂಗಿಗೆ ಬಂದ ಇಬ್ಬರು ಮುದುಕರು ಬಾಗಿದ ಮರದ ಕೆಳಗೆ ಛತ್ರಿ ಊರಿಕೊಂಡು ಮೇಲೆ ನೋಡುತ್ತಿದ್ದರು.

“ಇದೇನಾ?”

“ಇದೇ ಕಣ್ರೀ. ಆ ಕಲ್ಲಿನ ಮೇಲಂತೆ.”

“ಸೂಪರ್‌ವೈಜರ್ ಆದೋನು ಯಾಕ್ರೀ ಹತ್ಬೇಕಿತ್ತು?”

“ತಿಪಟೂರ್ ಕಡೆಯೋನಂತೆ. ಆ ಕಡೆಯೋರು ನಡೆಯಕ್ಕೆ ಮುಂಚೆ ಮರ ಹತ್ತುತಾರಂತಲ್ಲ.”

“ಹತ್ತೋದ್ ಕಲ್ತ, ಇಳಿಯೋದ್ ಕಲೀಲಿಲ್ಲ.”

ನಕ್ಕರು. ಆಮೇಲೆ ಅವಳ ಬರಿದಾದ ಹಣೆ ಕಂಡಿರಬೇಕು, ಛತ್ರಿ ಎತ್ತಿಕೊಂಡು ಸರಸರನೆ ನಡೆದರು. ನೀರಿನ ಅಂಚಿಗೆ ಜೋಡಿಸಿದ ಚಪ್ಪಡಿ ಕಲ್ಲುಗಳಲ್ಲಿ ಒಂದು ಮಾತ್ರ ಉಳಿದವಕ್ಕಿಂತ ಬೆಳ್ಳಗಿತ್ತು. ಉಜ್ಜಿ ತೊಳೆದು ಸುಣ್ಣದ ಪುಡಿ ಹಾಕಿದ್ದರು. ಅದರ ಮೇಲೆ ಕಡಲೆಕಾಯಿ ಸಿಪ್ಪೆ ಬಿದ್ದಿತ್ತು. ಕಾರಂಜಿ ಚಿಮ್ಮುತ್ತಿತ್ತು. ಉದ್ಘಾಟನೆ ನಿಂತಿರಲಿಲ್ಲ, ಒಂದು ವಾರ ಮುಂದಕ್ಕೆ ಹೋಗಿತ್ತು ಅಷ್ಟೇ.

ದೋಣಿಗಳು ಕಟ್ಟೆಗೆ ಒರಗಿ ಅಲ್ಲಾಡುತ್ತಿದ್ದವು. ಅಂತರಗಂಗೆ ಕಳೆ ಮುಚ್ಚದೆ ಉಳಿದಿದ್ದ ಅಂಗೈಯಗಲದ ನೀರು ಹಸಿರಾಗಿ, ದಪ್ಪನಾಗಿತ್ತು. ಅದರೊಳಗೆ ಬಿದ್ದದ್ದು ಕಾಣುವುದಿಲ್ಲ. ಲೀಲಾವತಿ ನೋಡುತ್ತ ನಿಂತಳು. ಬಿಟ್ಟರೆ ಮುಗಿಯಿತು. ಸಾಮಾನು ಕಟ್ಟಿ ಲಾರಿಗೆ ಹಾಕಿ ಅತ್ತೆಯ ಮನೆಗೆ ಹೋಗಬಹುದು. ಅತ್ತೆ ಉಣ್ಣಲು ಇಕ್ಕುತ್ತಾಳೆ, ಇವಳು ಉಣ್ಣುತ್ತಾಳೆ. ಬೇಲಿಯಾಚೆ ದುರ್ಗಯ್ಯ ನಾರು ಬಿಚ್ಚುತ್ತ ಕೂತಿರುತ್ತಾನೆ.

“ನಾರಿನ ಹಗ್ಗ ತೇಲುತ್ತೆ ಮಜೀದಣ್ಣ.”

“ಕಲ್ಲು ಕಟ್ಟಿದ್ರೆ ಮುಳುಗ್ತದೆ.”

“ಮುಳುಗ್ತದೆ,” ಎಂದಳು. ಹಗ್ಗವನ್ನು ತೋಳಿನ ಮೇಲಕ್ಕೆ ಸರಿಸಿಕೊಂಡು ಕೇಳಿದಳು, “ಅರಸೀಕೆರೆ ಪ್ಯಾಸೆಂಜರ್ ಎಷ್ಟೊತ್ತಿಗೆ?”

ಮಜೀದ್ ತಲೆ ಕೆರೆದುಕೊಂಡ. “ನಾನೂ ಬರ್ಲಾ?”

“ಬೇಡ. ಆ ತಂಬಿಗೆ ತಗೊಂಡು ಹೋಗಿ. ಹಾಲು ಕೆಟ್ಟೀತು.”

ಗಾಡಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಟ್ಟೆಯ ಚೀಲ ತೊಡೆಯ ಮೇಲಿತ್ತು. ತುಮಕೂರು ಬಂತು, ಅಣ್ಣನ ಮನೆ ಸ್ಟೇಷನ್ನಿಗೆ ಹತ್ತಿರವೇ. ಅವಳು ಇಳಿಯಲಿಲ್ಲ. ಗುಬ್ಬಿ ದಾಟಿದ ಮೇಲೆ ಎರಡೂ ಕಡೆ ತೆಂಗಿನ ತೋಟಗಳು ದಟ್ಟವಾಗುತ್ತ ಬಂದವು. ಎದುರು ಕೂತ ಹೆಂಗಸು ಚೀಲ ನೋಡಿ, “ಏನವ್ವ ಅದು, ಮಗಾನ ಹಿಡ್ಕೊಂಡಂಗೆ ಹಿಡ್ಕಂಡಿದ್ದೀಯ?” ಎಂದಳು. “ಹಗ್ಗ,” ಎಂದಳು ಲೀಲಾವತಿ. ಆ ಹೆಂಗಸು ಅವಳ ಹಣೆ, ಕೊರಳು ನೋಡಿ, ಪಕ್ಕದಲ್ಲಿದ್ದ ಗಂಡನ ತೋಳು ತಿವಿದು ಏನೋ ಪಿಸುಗುಟ್ಟಿದಳು. ಅಮ್ಮಸಂದ್ರದಲ್ಲಿ ಲೀಲಾವತಿ ಇಳಿಯುವವರೆಗೂ ಅವರಿಬ್ಬರೂ ಚೀಲದ ಮೇಲೆ ಕಣ್ಣಿಟ್ಟೇ ಇದ್ದರು.

ಸ್ಟೇಷನ್ನಿನಿಂದ ಬಾವಿಪಾಳ್ಯಕ್ಕೆ ಎತ್ತಿನ ಗಾಡಿಯೊಂದು ಸಿಕ್ಕಿತು. ಬಿಸಿಲು ಇಳಿಯುವ ಹೊತ್ತಿಗೆ ಮನೆ ಸೇರಿದಳು.

ಹೊಂಬಾಳಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಅಟ್ಟದಿಂದ ಇಳಿಸಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಿದ್ದಳು. ಒಳಗೆ ನೀರು ಕುಲುಕಿದರೆ ಅದು ಇನ್ನೂ ಒಣಗಬೇಕು, ಮತ್ತೆ ಅಟ್ಟಕ್ಕೆ. ಕೊಬ್ಬರಿ ಬಿಟ್ಟುಕೊಂಡು ಗುಡುಗುಡು ಎಂದರೆ ಒಡೆಯುವ ರಾಶಿಗೆ. ಮಗ ಸತ್ತ ಮನೆಯಲ್ಲೂ ಆ ಕೆಲಸ ನಿಲ್ಲುವಂತಿಲ್ಲ.

“ಇಷ್ಟ್ ಬಿರ್ನೆ ಬಂದಾ? ಸಾಮಾನೆಲ್ಲಿ?”

“ಆಮೇಲೆ ತರ್ತೀನಿ ಅತ್ತೆ.” ಲೀಲಾವತಿ ಚೀಲದಿಂದ ಹಗ್ಗ ತೆಗೆದು ನೆಲದ ಮೇಲಿಟ್ಟಳು.

ಹೊಂಬಾಳಮ್ಮನ ಕೈ ಕಿವಿಯ ಬಳಿಯೇ ನಿಂತಿತು. ಅವಳು ಹಗ್ಗದ ಈ ತುದಿ ನೋಡಿದಳು, ಆ ತುದಿ ನೋಡಿದಳು. ತೆಂಗಿನ ತೋಟದಲ್ಲೇ ಹುಟ್ಟಿ ತೋಟಕ್ಕೇ ಮದುವೆಯಾಗಿ ಬಂದವಳಿಗೆ ಅದು ಯಾವ ಹಗ್ಗ, ಯಾರ ಹಗ್ಗ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

“ಹರಿದಿಲ್ಲ,” ಎಂದಳು.

“ಇಲ್ಲ. ಅವರು ಅದನ್ನ ಕಟ್ಕೊಂಡೇ ಇರ್ಲಿಲ್ಲ. ಮನೇಲಿತ್ತು. ನಾನು ಅದರ ಮೇಲೆ ಬಟ್ಟೆ ಹರವಿದ್ದೆ. ಸೀರೆ.” ಪರೀಕ್ಷೆಯಲ್ಲಿ ಕಂಠಪಾಠ ಒಪ್ಪಿಸುವಂತೆ, ಏರಿಳಿತವಿಲ್ಲದೆ ಹೇಳಿದಳು.

“ಸೀರೆ.”

“ಹೂಂ.”

“ಅಂವ ನೋಡಿದ್ನಾ?”

“ನೋಡಿದ್ರು. ತೆಗೀಲಾ ಅಂದೆ. ಬ್ಯಾಡ ಅಂದ್ರು.”

ದೂರದಲ್ಲಿ ಅಮ್ಮಸಂದ್ರದ ಸಿಮೆಂಟ್ ಫ್ಯಾಕ್ಟರಿಯ ಸೈರನ್ ಕೂಗಿ ನಿಂತಿತು. ಹೊಂಬಾಳಮ್ಮ ಕಾಯಿಯನ್ನು ಮಡಿಲಿಗಿಟ್ಟುಕೊಂಡಳು.

“ಕೆರೆ ಪಕ್ಕದಾಗೇ ಇದ್ದೋಳು. ಅದ್ರಾಗೆ ಬಿಸಾಕಿ ಬರಾಕಾಗ್ನಿಲ್ವಾ ನಿಂಗೆ?” ಕೂಗಲಿಲ್ಲ, ಪಕ್ಕದ ಮನೆಗೆ ಕೇಳಿಸದ ಹಾಗೆ ಹೇಳಿದಳು. “ದುರ್ಗ ಊರಾಚೆ ಇರೋನು. ನನ್ ಹೊಟ್ಟೆ ಉರೀನ ಅವನ ಬಾಗ್ಲಿಗೆ ಒಯ್ದು ಸುರ್ದು ಬತ್ತಿದ್ದೆ. ನೀನು ಒಳಗಿರೋಳು. ದಿನಾ ನಿನ್ ಕೈಲಿ ಇಕ್ಕಿಸ್ಕೊಂಡು ಉಣ್ಬೇಕಾದೋಳು ನಾನು. ನಿನ್ನ ಬೈಕೊಂಡು ಎಂಗವ್ವ ಉಣ್ಲಿ?”

ಹೊಂಬಾಳಮ್ಮ ಹಗ್ಗವನ್ನು ಕಾಲಿನಿಂದ ಆಚೆ ತಳ್ಳಿದಳು.

“ಎತ್ಕೊಂಡೋಗು ಅದ್ನ. ನನ್ ಕಣ್ಮುಂದೆ ಇಕ್ಬೇಡ. ಯಾರ್ದೋ ಅವ್ರಿಗೆ ಕೊಟ್ಬುಡು.”

“ಕೊಟ್ಟು ಬರ್ತೀನಿ.”

“ಕೊಟ್ಬುಡು ಅಂದೆ. ಬಾ ಅಂತಾನೂ ಅನ್ನಿಲ್ಲ, ಬರ್ಬೇಡ ಅಂತಾನೂ ಅನ್ನಿಲ್ಲ.”

ಅವಳು ಮಡಿಲಿನ ಕಾಯಿಯನ್ನು ಮತ್ತೆ ಕಿವಿಗೆ ಹಿಡಿದಳು. ಲೀಲಾವತಿ ಹೊಸಿಲು ದಾಟುವಾಗಲೂ ಅದೇ ಕಾಯಿಯನ್ನು ಅಲ್ಲಾಡಿಸುತ್ತಿದ್ದಳು. ಯಾವ ರಾಶಿಗೆ ಹಾಕಬೇಕೆಂದು ತಿಳಿಯುತ್ತಿರಲಿಲ್ಲ.

ದುರ್ಗಯ್ಯನ ಮನೆಗೆ ತೋಟದೊಳಗೇ ದಾರಿ. ಎರಡು ಮರಗಳ ನಡುವೆ ಹೊಸ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಅವಳು ಅಲ್ಲಿ ನಿಲ್ಲಲಿಲ್ಲ.

ಮನೆಯ ಮುಂದೆ ಬೋರಿನ ಬಳಿ ಮೂರು ನಾಲ್ಕು ಹೆಂಗಸರು ನೀರು ಹಿಡಿಯುತ್ತಿದ್ದರು. ಪಕ್ಕದ ತೋಟದ ಮಾರಯ್ಯ ಎತ್ತುಗಳನ್ನು ಹೊಡೆದುಕೊಂಡು ಬರುತ್ತಿದ್ದವನು ಇವಳನ್ನು ಕಂಡು ನಿಂತ. ದುರ್ಗಯ್ಯನನ್ನು ಇನ್ನು ಕರೆಯುವುದಿಲ್ಲವೆಂದು ಮೊದಲು ಹೇಳಿದವನು ಅವನೇ. ದುರ್ಗಯ್ಯ ಅಂಗಳದಲ್ಲಿ ಕಂಬಕ್ಕೆ ಒರಗಿ ಕೂತಿದ್ದ. ಸುತ್ತ ಬಿಚ್ಚಿದ ನಾರಿನ ಎಳೆಗಳು ಕ್ಷೌರದಂಗಡಿಯ ಕೂದಲಿನ ಹಾಗೆ ಬಿದ್ದಿದ್ದವು. ಇವಳನ್ನು ಕಂಡು ತಟ್ಟನೆ ಎದ್ದ.

ಮೊದಲು ಬಾಯಿ ಬಿಟ್ಟವಳು ಕೆಂಪಕ್ಕ. “ಯಾಕವ್ವಾರೇ, ಮುಖಕ್ಕೆ ಎರಚಿದ್ದು ಸಾಲ್ದಾಯ್ತಾ? ಇನ್ನೂ ಮಣ್ಣು ಉಳಿದಿತ್ತಾ ಚೀಲದಾಗೆ?”

“ಸುಮ್ಕಿರಮ್ಮಿ,” ಎಂದ ದುರ್ಗಯ್ಯ.

ಲೀಲಾವತಿ ಹಗ್ಗ ತೆಗೆದು ಅವನ ಮುಂದೆ ನೆಲಕ್ಕಿಟ್ಟಳು. “ಅವರು ಇಸ್ಕೊಂಡಿದ್ದು. ವಾಪಸ್ ಕೊಡೋಕೆ ಬಂದೆ.”

ದುರ್ಗಯ್ಯ ಮುಟ್ಟಲಿಲ್ಲ. ಹಾವು ನೋಡುವಂತೆ ನೋಡಿದ. ಆಮೇಲೆ ಕುಕ್ಕರುಗಾಲಲ್ಲಿ ಕೂತು ಒಂದು ತುದಿ ಹಿಡಿದು, ಹೆಬ್ಬೆರಳಿನಿಂದ ತಡವುತ್ತ ತಡವುತ್ತ ಹೋದ. ಮಧ್ಯಕ್ಕೆ ಬಂದಾಗ ಕೈ ನಿಧಾನವಾಯಿತು. ಅಲ್ಲಿ ಎರಡು ಸಲ ತಿರುಚಿ ನೋಡಿದ. ಮುಂದೆ ಹೋದ. ಇನ್ನೊಂದು ತುದಿ ಬಂತು.

“ಅದು ಬೇರೆ ಹಗ್ಗ ಇರ್ಬೇಕು ಕಣ್ಲಾ,” ಎಂದ ಮಾರಯ್ಯ ಬೇಲಿಯಾಚೆಯಿಂದ.

“ನಾನೊಸೆದ ಹಗ್ಗ ನಂಗೆ ತಿಳಿಯಾಕಿಲ್ವಾ ಗೌಡ್ರೆ.” ದುರ್ಗಯ್ಯ ತಲೆಯೆತ್ತಿ ಲೀಲಾವತಿಯನ್ನು ನೋಡಿದ. “ಎಲ್ಲೂ ಹರಿದಿಲ್ಲ ಕಣವ್ವ. ಆ ಸಾಬ್ರು ಮಧ್ಯ ಅಂದ್ರು.”

“ಆಗ ಇದು ಅವರ ಹತ್ರ ಇರ್ಲಿಲ್ಲ. ಬರೀ ಮೈಲಿ ಹತ್ತಿದ್ರು. ಒಣಗರಿ ಕಿತ್ಕೊಂಡು ಬಂತಂತೆ.”

“ಇದ್ನ ಬುಟ್ಟು ಯಾಕ್ ಹತ್ತುದ್ರು?”

ಬೋರಿನ ಹಿಡಿ ಒತ್ತುವ ಸದ್ದು ನಿಂತಿತು. ಕೊಡ ತುಂಬಿದ್ದರೂ ಯಾರೂ ಎತ್ತಲಿಲ್ಲ.

“ಇದರ ಮೇಲೆ ನನ್ನ ಸೀರೆ ಇತ್ತು,” ಎಂದಳು ಲೀಲಾವತಿ. ಬೇಲಿಯಾಚೆಗೂ ಕೇಳಿಸುವಂತೆ ಹೇಳಿದಳು. “ಒಗೆದು ಹರವಿದ್ದೆ. ಬಂದು ನೋಡಿದ್ರು, ಬಿಟ್ಟು ಹೋದ್ರು.”

“ಅಯ್ಯೋ ಶಿವನೆ,” ಎಂದಳು ನೀರಿನವಳೊಬ್ಬಳು. ಇನ್ನೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ದುರ್ಗಯ್ಯ ಹಗ್ಗವನ್ನು ತೊಡೆಯ ಮೇಲೆ ಎಳೆದುಕೊಂಡ.

“ಅದ್ನ ನಾನೇ ಹೇಳ್ಕೊಟ್ಟಿದ್ದು,” ಎಂದ. “ಇಷ್ಟುದ್ದ ಇದ್ದ. ಮೊದಲ್ನೆ ಮರ ಹತ್ತುಸ್ದಾಗ ಮಣ್ಣು ಮುಟ್ಸಿ ಆಣೆ ಮಾಡುಸ್ಕಂಡಿದ್ದೆ, ಸೀರೆ ಸೋಕಿದ್ದ ಮುಟ್ಟಾಕಿಲ್ಲ ಅಂತ. ಕಾಲೇಜು ಓದಿ ಮರ್ತಿರ್ತಾರೆ ಅಂದ್ಕಂಡಿದ್ದೆ.”

ಮಾರಯ್ಯನ ಎತ್ತುಗಳು ಕೊರಳು ಅಲ್ಲಾಡಿಸಿದವು. ದುರ್ಗಯ್ಯ ಎದ್ದ. ಹಗ್ಗದ ಒಂದು ತುದಿಯನ್ನು ಲೀಲಾವತಿಯ ಕಡೆಗೆ ಚಾಚಿದ.

“ಇದ್ನ ಹಿಡ್ಕಳಿ ಅವ್ವ. ಆ ಕಂಬಕ್ಕೆ ಎರಡು ಸುತ್ತು ಹಾಕಿ ಹಿಡ್ಕಳಿ.”

“ಹೆಂಗಸ್ರ ಕೈಗಾ?” ಎಂದಳು ಕೆಂಪಕ್ಕ.

“ಹಿಡ್ಕಳಿ.”

ಲೀಲಾವತಿ ಕಂಬಕ್ಕೆ ಎರಡು ಸುತ್ತು ಹಾಕಿ ತುದಿಯನ್ನು ಎರಡೂ ಕೈಯಲ್ಲಿ ಹಿಡಿದಳು. ದುರ್ಗಯ್ಯ ಇನ್ನೊಂದು ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು, ಬೇಲಿಯವರೆಗೆ ಹಿಮ್ಮೆಟ್ಟಿ, ಮರದ ಮೇಲೆ ಒರಗುವ ಹಾಗೆ ಹಿಂದಕ್ಕೆ ವಾಲಿದ. ಮೈಯ ಭಾರವನ್ನೆಲ್ಲ ಬಿಟ್ಟ. ಹಗ್ಗ ನೆಟ್ಟಗಾಯಿತು. ಕಂಬ ಕಿರ್ರೆಂದಿತು. ಅವಳ ಅಂಗೈ ಉರಿಯಿತು. ಅವನು ಕಾಲು ನೆಲಕ್ಕೆ ಊರಿ ಮತ್ತೊಮ್ಮೆ ಜಗ್ಗಿದ, ಮಗದೊಮ್ಮೆ ಜಗ್ಗಿದ. ಹೆಂಗಸರು ನೋಡುತ್ತಿದ್ದರು. ಮಾರಯ್ಯ ನೋಡುತ್ತಿದ್ದ. ಹಗ್ಗದಿಂದ ಒಂದಿಷ್ಟು ಧೂಳು ಉದುರಿತು.

“ನೋಡ್ಕಳಿ ಗೌಡ್ರೆ,” ಎಂದ ದುರ್ಗಯ್ಯ.

ಮಾರಯ್ಯ ಎತ್ತುಗಳ ಕಡೆಗೆ ತಿರುಗಿದ. “ಆಯ್ತು ಬುಡ್ಲಾ,” ಎಂದು ಹೊಡೆದುಕೊಂಡು ಹೋದ.

ದುರ್ಗಯ್ಯ ಸೊಂಟದ ಗಂಟು ಬಿಚ್ಚಿದ. ಹಗ್ಗವನ್ನು ಮೊಣಕೈಗೂ ಅಂಗೈಗೂ ಸುತ್ತುತ್ತ ಸುತ್ತುತ್ತ ಕಂಬದ ತನಕ ಬಂದು, ಅವಳ ಕೈಯಲ್ಲಿ ಉಳಿದಿದ್ದ ತುದಿಗೆ ಕೈ ಚಾಚಿದ. ಅವಳು ಬಿಟ್ಟಳು.

“ಇಸ್ಕಂಡೆ ಕಣವ್ವ,” ಎಂದ.